ಕಲ್ಪನೆಯ ಪಕ್ಷಿಗಳೂ ಪರೀಕ್ಷೆಯ ವಿಮಾನಗಳೂ

ಒಂಬತ್ತನೆಯ ತರಗತಿಯ ಹುಡುಗಿಯರು ಚಿತ್ರಕಲೆಯ ಪಾಠವನ್ನೂ ವಿಜ್ಞಾನದ ಪಾಠವನ್ನೂ ಕೂಡಿಸಿಕೊಂಡು ಮಾಡುತ್ತಿರುವ ಒಂದು ಅಭ್ಯಾಸದ ವಿಷಯವಾಗಿ ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹಳ ದಿನಗಳಿಂದ ಮನಸ್ಸಿತ್ತು. ಅಭ್ಯಾಸವು ಇಂಥದು: ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಂದು ಪರೀಕ್ಷಾವಿಮಾನವನ್ನು ಆರಿಸಿಕೊಂಡು, ಅದರ ಅಂಗಾಂಗಗಳನ್ನು ತಿಳಿದು, ಅದನ್ನೇ ಆಧಾರವಾಗಿಟ್ಟುಕೊಂಡು ಲೋಕದಲ್ಲಿಲ್ಲದ ಒಂದು ಜೀವಿಯನ್ನು ಕಲ್ಪಿಸಿ ಬರೆಯಬೇಕು. ಆ ಚಿತ್ರಗಳನ್ನು ಗೋಡೆಯ ಮೇಲೆ ಕಂಡ ತಂದೆತಾಯಂದಿರು ಮೆಚ್ಚಿದ್ದೂ ಉಂಟು, ಸಂದೇಹಪಟ್ಟದ್ದೂ ಉಂಟು.

ನಮ್ಮ ಕಿವಿಗೆ ಬಿದ್ದ ಸಂದೇಹಗಳು ಮೂರು. ಮೊದಲನೆಯದು, “ಪರೀಕ್ಷೆಗೆ ಬಾರದ ಈ ಕೆಲಸದಿಂದ ಮಕ್ಕಳಿಗೆ ಪ್ರಯೋಜನವೇನು, ಅಮ್ಮನವರೇ?” ಎಂಬುದು. ಎರಡನೆಯದು, “ದೇವರು ಸೃಷ್ಟಿಸದ ಪ್ರಾಣಿಯನ್ನು ಇದೆಯೆಂಬಂತೆ ಬರೆಯುವುದು ಸುಳ್ಳಿಗೆ ಸಮಾನವಲ್ಲವೇ?” ಎಂಬುದು. ಮೂರನೆಯದು ಈ ಎರಡಕ್ಕಿಂತಲೂ ಸೂಕ್ಷ್ಮವಾದದ್ದು: “ನಮ್ಮ ತಾಲ್ಲೂಕಿನ ಆನೇಕಲ್ಲಿನಲ್ಲಿಯೇ ಪುರಾತನ ವಿಮಾನಶಾಸ್ತ್ರವು ಹೊರಬಿತ್ತಲ್ಲವೇ? ಅದನ್ನು ಮಕ್ಕಳಿಗೆ ನಿಜವೆಂದು ಏಕೆ ಹೇಳಿಕೊಡಬಾರದು?” ಮೂರಕ್ಕೂ ಉತ್ತರ ಹೇಳುವುದು ಶಾಲೆಯವರ ಕರ್ತವ್ಯ. ಆ ಉತ್ತರವನ್ನು ವಿಷಯದ ವಿವರಣೆಯೊಂದಿಗೇ ಹೇಳಲು ಇಲ್ಲಿ ಯತ್ನಿಸುತ್ತೇವೆ.

ಪರೀಕ್ಷಾವಿಮಾನವೆಂದರೇನು?

ಜನರನ್ನು ಊರಿಂದೂರಿಗೆ ಒಯ್ಯುವ ವಿಮಾನ ಬೇರೆ, ಒಂದು ಹೊಸ ವಿಚಾರವು ನಿಜವೋ ಅಲ್ಲವೋ ಎಂದು ತಿಳಿಯುವುದಕ್ಕಾಗಿ ಕಟ್ಟುವ ವಿಮಾನ ಬೇರೆ. ಎರಡನೆಯದೇ ಪರೀಕ್ಷಾವಿಮಾನ. ಅದು ಬಾಯಿಂದ ಕೇಳುವ ಪ್ರಶ್ನೆಯಲ್ಲ. ಲೋಹದಿಂದಲೋ ಮರದಿಂದಲೋ ಮಾಡಿ ಆಕಾಶಕ್ಕೆ ಕಳುಹಿಸಿದ ಪ್ರಶ್ನೆ. ಉತ್ತರವು “ಹೌದು” ಎಂದು ಬಂದರೆ ಅದರ ಮಾದರಿಯಲ್ಲಿ ನೂರಾರು ವಿಮಾನಗಳು ಹುಟ್ಟುವುವು. “ಅಲ್ಲ” ಎಂದು ಬಂದರೂ ಆ ಶ್ರಮವು ವ್ಯರ್ಥವಲ್ಲ, ಮುಂದಿನವರು ಆ ದಾರಿಯನ್ನು ಬಿಡುವರು.

ಇಂಥ ಪ್ರಶ್ನೆಗಳನ್ನು ಕೇಳಿದ ಊರುಗಳಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ೧೯೪೦ನೇ ಇಸವಿಯಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೫೧ರ ಆಗಸ್ಟಿನಲ್ಲಿ ನಮ್ಮವರೇ ರಚಿಸಿದ ಎಚ್.ಟಿ.-೨ ಎಂಬ ಶಿಕ್ಷಣವಿಮಾನವು ಮೊದಲು ಹಾರಿತು. ೧೯೫೯ರಲ್ಲಿ ಆರಂಭವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಮರುವರ್ಷ ಬೆಂಗಳೂರಿಗೆ ಬಂದು ನೆಲೆಸಿತು. ೧೯೯೬ರಿಂದ ಯಲಹಂಕದಲ್ಲಿ ನಡೆಯುತ್ತ ಬಂದಿರುವ ವಿಮಾನಪ್ರದರ್ಶನಕ್ಕೆ ನಮ್ಮ ಮಕ್ಕಳಲ್ಲಿ ಕೆಲವರು ಹಿರಿಯರೊಡನೆ ಹೋಗಿಬಂದಿದ್ದಾರೆ. ಹೆಬ್ಬಗೋಡಿಯ ಆಕಾಶದಲ್ಲಿ ಗುಡುಗು ಕೇಳಿಸಿದಾಗ ಮಳೆ ಬಂದೀತೆಂದು ಒಣಗಹಾಕಿದ ಬಟ್ಟೆಗೆ ಓಡುವ ಕಾಲ ಹೋಗಿ, ವಿಮಾನವೇ ಇರಬೇಕೆಂದು ತಲೆಯೆತ್ತಿ ನೋಡುವ ಕಾಲ ಬಂದಿದೆ.

ನಮ್ಮ ನಾಡಿನ ಹಳೆಯ ಕಲ್ಪನಾಜೀವಿಗಳು

ಇಲ್ಲದ ಪ್ರಾಣಿಯನ್ನು ಕಲ್ಪಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಅರಸರ ಲಾಂಛನವಾಗಿದ್ದು ಈಗ ಕರ್ನಾಟಕ ರಾಜ್ಯದ ಮುದ್ರೆಯಲ್ಲಿರುವ ಗಂಡಭೇರುಂಡವು ಎರಡು ತಲೆಯ ಪಕ್ಷಿ. ಅದೇ ಮುದ್ರೆಯ ಇಕ್ಕೆಲಗಳಲ್ಲಿ ಆನೆಯ ತಲೆಯೂ ಸಿಂಹದ ಮೈಯೂ ಉಳ್ಳ ಎರಡು ಮೃಗಗಳು ನಿಂತಿವೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ೧೦೪೭ನೇ ಇಸವಿಯಷ್ಟು ಹಿಂದೆಯೇ ಭೇರುಂಡೇಶ್ವರನ ಕಂಬವನ್ನು ನಿಲ್ಲಿಸಿದರು. ಅದರ ಮೇಲಿನ ಗಂಡಭೇರುಂಡಕ್ಕೆ ಪಕ್ಷಿಯ ತಲೆ ಎರಡಾದರೂ ಮೈ ಮಾತ್ರ ಮನುಷ್ಯನದು. ಹೊಯ್ಸಳ ದೇವಾಲಯಗಳ ಜಗಲಿಯ ಸುತ್ತಲೂ ಸಾಲುಗೊಂಡಿರುವ ಮಕರವನ್ನು ನೋಡಿದವರಿಗೆ ಗೊತ್ತು: ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ನವಿಲಿನ ಗರಿಯಂಥ ಬಾಲ ಇವೆಲ್ಲವನ್ನೂ ಶಿಲ್ಪಿಯು ಒಂದೇ ಮೈಯಲ್ಲಿ ಹೊಂದಿಸಿದ್ದಾನೆ.

ಈ ಶಿಲ್ಪಿಗಳಿಂದ ನಮ್ಮ ಹುಡುಗಿಯರು ಮೊದಲು ಕಲಿತದ್ದು, ಕಲ್ಪನೆಯೂ ಬರಿಗೈಯಲ್ಲಿ ಹುಟ್ಟುವುದಿಲ್ಲವೆಂಬುದು. ಆನೆಯನ್ನೂ ಮೊಸಳೆಯನ್ನೂ ಚೆನ್ನಾಗಿ ನೋಡದವನು ಮಕರವನ್ನು ಕಡೆಯಲಾರನು. ಎರಡನೆಯದಾಗಿ, ಬಳ್ಳಿಗಾವೆಯ ಶಿಲ್ಪಿಯು ಭೇರುಂಡವು ಕಾಡಿನಲ್ಲಿ ಸಂಚರಿಸುತ್ತದೆಂದು ಯಾರನ್ನೂ ನಂಬಿಸಲು ಹೊರಟವನಲ್ಲ. ಬಲವೆಂಬ ಭಾವಕ್ಕೆ ಒಂದು ರೂಪ ಕೊಟ್ಟನು. ಭಾವಕ್ಕೆ ರೂಪ ಕೊಡುವುದು ಸುಳ್ಳಲ್ಲ. ರೂಪವನ್ನು ತೋರಿಸಿ ಇದು ನಡೆದ ಸಂಗತಿಯೆಂದು ಹೇಳಿದಾಗ ಮಾತ್ರ ಸುಳ್ಳು ಒಳಗೆ ಬರುವುದು. ಎರಡನೆಯ ಸಂದೇಹಕ್ಕೆ ನಮ್ಮ ಉತ್ತರವು ಇದೇ. ಆದುದರಿಂದಲೇ ನಮ್ಮಲ್ಲಿ ಪ್ರತಿಯೊಂದು ಚಿತ್ರದ ಕೆಳಗೂ “ಇದು ಕಲ್ಪನೆ” ಎಂದು ದುಂಡಕ್ಷರದಲ್ಲಿ ಬರೆಯತಕ್ಕದ್ದೆಂಬ ನಿಯಮವಿದೆ.

ಅಭ್ಯಾಸದ ಕ್ರಮ

ಹಳೆಯ ಶಿಲ್ಪಿಗೆ ಇಲ್ಲದ ಒಂದು ಕಟ್ಟುಪಾಡನ್ನು ನಮ್ಮ ಮಕ್ಕಳಿಗೆ ಹಾಕಿದ್ದೇವೆ. ಮಕರವು ಈಜಬಲ್ಲದೇ ಎಂದು ಶಿಲ್ಪಿಯನ್ನು ಯಾರೂ ಕೇಳಲಿಲ್ಲ. ನಮ್ಮ ಹುಡುಗಿಯರನ್ನು ಮಾತ್ರ ಕೇಳುತ್ತೇವೆ. ಅಂದಕ್ಕಾಗಿ ಮಾತ್ರ ಕೊಂಬನ್ನೋ ಗರಿಯನ್ನೋ ಸೇರಿಸುವಂತಿಲ್ಲ. ಪ್ರತಿಯೊಂದು ಅಂಗಕ್ಕೂ ಒಂದು ಕೆಲಸವಿರಬೇಕು. ಚಿತ್ರಕ್ಕೆ ಕೈಹಚ್ಚುವ ಮೊದಲು ಐದು ಪ್ರಶ್ನೆಗಳಿಗೆ ಅವರು ಉತ್ತರ ಬರೆಯುತ್ತಾರೆ. ಈ ವಿಮಾನವನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಕಟ್ಟಿದರು? ಅದಕ್ಕಾಗಿ ಅದರ ಯಾವ ಅಂಗವು ಉಳಿದ ವಿಮಾನಗಳಂತಿಲ್ಲ? ಆ ಅಂಗವಿರುವ ಜೀವಿಯು ಎಂಥ ನಾಡಿನಲ್ಲಿ ಸುಖವಾಗಿದ್ದೀತು? ಅದು ಏನು ತಿಂದು ಬದುಕೀತು? ನೆಲದ ಮೇಲಿರುವಾಗ ಹೇಗೆ ನಿಂತೀತು, ಮರಿಯನ್ನು ಹೇಗೆ ಸಾಕೀತು?

ಕೊನೆಗೆ ಒಂದು ಲೆಕ್ಕವೂ ಉಂಟು, ಇದು ಮಕ್ಕಳಿಗೆ ಬಹಳ ಆಶ್ಚರ್ಯವನ್ನು ಉಂಟುಮಾಡುವುದು. ಒಂದು ಪಕ್ಷಿಯನ್ನು ಆಕಾರ ಕೆಡದಂತೆ ಉದ್ದದಲ್ಲಿ ಎರಡರಷ್ಟು ಬೆಳೆಸಿದಿರಿ ಎಂದಿಟ್ಟುಕೊಳ್ಳಿ. ಅದರ ಅಗಲವೂ ದಪ್ಪವೂ ಎರಡರಷ್ಟಾಗುವುವು. ರೆಕ್ಕೆಯ ವಿಸ್ತೀರ್ಣವು ಎರಡೆರಡಲ ನಾಲ್ಕರಷ್ಟಾಗುವುದು, ಮೈಯ ತೂಕವಾದರೋ ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟರಷ್ಟಾಗುವುದು. ಎಂಟರ ಭಾರವನ್ನು ನಾಲ್ಕರ ರೆಕ್ಕೆಯು ಹೊರಬೇಕಾಗುವುದು. ಹತ್ತರಷ್ಟು ಬೆಳೆಸಿದರೆ ರೆಕ್ಕೆ ನೂರರಷ್ಟು, ತೂಕ ಸಾವಿರದಷ್ಟು. ಗುಬ್ಬಿಯು ಥಟ್ಟನೆ ಹಾರಿಹೋಗುವುದಕ್ಕೂ, ಭಾರವಾದ ರಣಹದ್ದು ರೆಕ್ಕೆ ಬಡಿಯುವ ಶ್ರಮವನ್ನು ತಪ್ಪಿಸಿಕೊಂಡು ಬಿಸಿಗಾಳಿಯ ಮೇಲೆ ತೇಲುವುದಕ್ಕೂ, ಆನೆಗೆ ರೆಕ್ಕೆ ಹಚ್ಚಿ ಪ್ರಯೋಜನವಿಲ್ಲದ್ದಕ್ಕೂ ಇದೇ ಕಾರಣ. ಸಾವಿರ ಸೂತ್ರಗಳನ್ನು ಬಾಯಿಪಾಠ ಮಾಡಿಸಿದರೂ ನಿಲ್ಲದ ಈ ತತ್ತ್ವವು, ತನ್ನದೇ ಪಕ್ಷಿಯು ಹಾರಲಾರದೆಂದು ಲೆಕ್ಕಹಾಕಿ ಕಂಡುಕೊಂಡ ಹುಡುಗಿಯ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ನಿಲ್ಲುವುದು. ಪ್ರಯೋಜನವೇನೆಂದು ಕೇಳಿದವರಿಗೆ ಮೊದಲನೆಯ ಉತ್ತರವಾಗಿ ಇದನ್ನು ಕೊಡುತ್ತೇವೆ.

ಕೆಲವು ಉದಾಹರಣೆಗಳು

ಮಾರುತದ ಮರಿ.— ೧೯೫೬ರಲ್ಲಿ ಜರ್ಮನಿಯ ಪ್ರಸಿದ್ಧ ವಿಮಾನರಚಕರಾದ ಕುರ್ಟ್ ಟ್ಯಾಂಕರು ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರರೊಡನೆ ಒಂದು ವೇಗದ ಯುದ್ಧವಿಮಾನವನ್ನು ರಚಿಸಲಾರಂಭಿಸಿದರು. ಇದೇ ಎಚ್.ಎಫ್.-೨೪, ಮಾರುತ್. ಎಂಜಿನಿನೊಡನೆ ಇದನ್ನು ಹಾರಿಸುವ ಮೊದಲು, ೧೯೫೯ರಲ್ಲಿ, ಅದೇ ಆಕಾರದ, ಅದೇ ಅಳತೆಯ ಒಂದು ಮರದ ವಿಮಾನವನ್ನು ಎಂಜಿನಿಲ್ಲದೆ ಕಟ್ಟಿದರು. ಡಕೋಟಾ ವಿಮಾನವು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲಕ್ಕೆ ಹೋಗಿ ಬಿಡುತ್ತಿತ್ತು, ಅದು ತೇಲಿಕೊಂಡು ಕೆಳಕ್ಕಿಳಿಯುತ್ತಿತ್ತು. ಹೀಗೆ ಆಕಾರದ ಗುಣದೋಷಗಳನ್ನು ತಿಳಿದುಕೊಂಡ ಮೇಲೆ ೧೯೬೧ರ ಜೂನ್ ೧೭ರಂದು ಸುರಂಜನ ದಾಸರು ನಿಜವಾದ ಮಾರುತವನ್ನು ಹಾರಿಸಿದರು.

ಇದನ್ನು ಆರಿಸಿಕೊಂಡ ವಿದ್ಯಾರ್ಥಿನಿಯು ಬರೆದ ಜೀವಿಯ ಮರಿಗೆ ಸ್ವಂತ ಶಕ್ತಿಯಿಲ್ಲ. ತೊಗಟೆಯಂಥ ಹಗುರವಾದ ಮೈಯುಳ್ಳ ಆ ಮರಿಯು ತಾಯಿಯ ಬಾಲದಿಂದ ಇಳಿಬಿದ್ದ ಒಂದು ಬಳ್ಳಿಯನ್ನು ಕಚ್ಚಿಕೊಂಡು ಮೇಲಕ್ಕೇರುತ್ತದೆ. ಬಳ್ಳಿಯನ್ನು ಬಿಟ್ಟು ತೇಲುವುದನ್ನು ಕಲಿತ ಮೇಲೆಯೇ ಅದರ ಎದೆಯಲ್ಲಿ ಬಿಸಿ ಹುಟ್ಟುತ್ತದೆ. ಇದಕ್ಕಿಂತ ಚೆನ್ನಾಗಿ ಆ ಮರದ ವಿಮಾನದ ಉದ್ದೇಶವನ್ನು ನಾವು ವಿವರಿಸಬಲ್ಲೆವೆಂದು ಹೇಳಲಾರೆವು. ಮಾರುತದ ಕಥೆಯಲ್ಲಿ ಒಂದು ವಿಷಾದವೂ ಉಂಟು. ಅದಕ್ಕೆಂದು ಬಯಸಿದ್ದ ಬಲವಾದ ಎಂಜಿನು ದೊರೆಯಲಿಲ್ಲ. ಶಬ್ದಕ್ಕಿಂತ ಎರಡರಷ್ಟು ವೇಗಕ್ಕೆಂದು ರಚಿಸಿದ ಒಡಲು ಚಿಕ್ಕ ಎಂಜಿನುಗಳಿಂದಲೇ ಬಾಳಬೇಕಾಯಿತು. ಆದರೂ ನೂರನಲವತ್ತಕ್ಕಿಂತ ಹೆಚ್ಚು ಮಾರುತಗಳು ತಯಾರಾಗಿ, ೧೯೭೧ರ ಯುದ್ಧದಲ್ಲಿ ದೇಶದ ಕೆಲಸಕ್ಕೆ ಬಂದುವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದನ್ನು ಯಾರು ಬೇಕಾದರೂ ನೋಡಬಹುದು.

ಹಿಂದಿನಿಂದ ತಳ್ಳುವ ಸಾರಸ.— ರಾಷ್ಟ್ರೀಯ ಪ್ರಯೋಗಾಲಯದವರು ರಚಿಸಿದ ‘ಸರಸ್’ ಎಂಬ ಚಿಕ್ಕ ಪ್ರಯಾಣಿಕ ವಿಮಾನವು ೨೦೦೪ರ ಮೇ ೨೯ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಸಾರಸಪಕ್ಷಿಯ ಹೆಸರನ್ನು ಹೊತ್ತಿದ್ದರೂ ಅದರ ಗಾಳಿಚಕ್ರಗಳು ಮುಂದಿಲ್ಲ, ಒಡಲಿನ ಹಿಂಭಾಗದ ಎರಡು ಪಕ್ಕಗಳಲ್ಲಿವೆ. ವಿಮಾನವನ್ನು ಎಳೆಯುವುದಕ್ಕೆ ಬದಲಾಗಿ ಅವು ತಳ್ಳುತ್ತವೆ. ಒಳಗೆ ಕುಳಿತವರಿಗೆ ಸದ್ದು ಕಡಿಮೆಯಾಗಲೆಂಬುದು ಇದರ ಒಂದು ಉದ್ದೇಶ. ಇದನ್ನು ಜೀವಿಯನ್ನಾಗಿ ಮಾಡುವಾಗ ಹುಡುಗಿಯರು, “ಹಿಂದಿನಿಂದ ತಳ್ಳಿಕೊಂಡು ಹೋಗುವ ಪ್ರಾಣಿ ಎಲ್ಲಿದೆ?” ಎಂದು ಹುಡುಕಿದರು. ಹುಡುಕಿದರೆ ಎಲ್ಲೆಲ್ಲಿಯೂ ಇದೆ: ಮೀನಿನ ಬಲವು ಬಾಲದಲ್ಲಿ, ಕಪ್ಪೆಯ ಬಲವು ಹಿಂಗಾಲಿನಲ್ಲಿ, ಬಾತುಕೋಳಿಯ ಬಲವು ಹಿಂದಕ್ಕೆ ಸರಿದಿರುವ ಪಾದಗಳಲ್ಲಿ. ನೀರಿನಲ್ಲಿ ಸಾಮಾನ್ಯವಾದದ್ದು ಗಾಳಿಯಲ್ಲಿ ಅಪೂರ್ವವೇಕೆ ಎಂಬ ಚರ್ಚೆಯು ವಿಜ್ಞಾನದ ಒಂದು ಪೂರ್ತಿ ಪಾಠವಾಯಿತು.

ನಾಲ್ಕು ನರಗಳ ತೇಜಸ್.— ೨೦೦೧ರ ಜನವರಿ ೪ರಂದು ರಾಜೀವ್ ಕೋಠಿಯಾಲರು ಮೊದಲು ಹಾರಿಸಿದ ಪರೀಕ್ಷಾವಿಮಾನಕ್ಕೆ ಮುಂದೆ ತೇಜಸ್ ಎಂಬ ಹೆಸರಾಯಿತು. ಅದಕ್ಕೆ ಅಡ್ಡಬಾಲವಿಲ್ಲ, ರೆಕ್ಕೆಯು ತ್ರಿಕೋನಾಕಾರ. ಎಲ್ಲಕ್ಕಿಂತ ವಿಚಿತ್ರವೆಂದರೆ ಅದನ್ನು ಬೇಕೆಂದೇ ಅಸ್ಥಿರವಾಗಿ ರಚಿಸಿದ್ದಾರೆ. ಸ್ಥಿರವಾದ ವಿಮಾನವು ಗಾಳಿಯ ಹೊಡೆತಕ್ಕೆ ಓಲಾಡಿದರೂ ತಾನಾಗಿ ಸರಿಹೋಗುವುದು, ಆದರೆ ಚುರುಕಾಗಿ ತಿರುಗಲಾರದು. ಅಸ್ಥಿರವಾದದ್ದು ಚುರುಕಾಗಿ ತಿರುಗುವುದು. ಅದನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡವಳು ಕೈಯನ್ನು ಹೇಗೆ ಬಿಡುವಿಲ್ಲದೆ ಆಡಿಸುತ್ತಿರುವಳೋ ಹಾಗೆ. ಮನುಷ್ಯನ ಕೈಗೆ ಆ ವೇಗವು ಸಾಲದ್ದರಿಂದ ಗಣಕಯಂತ್ರವು ಆ ಕೆಲಸವನ್ನು ಮಾಡುವುದು. ಒಂದು ದಾರಿ ಕೆಟ್ಟರೆ ಇನ್ನೊಂದಿರಲೆಂದು ಅದಕ್ಕೆ ನಾಲ್ಕು ಪ್ರತ್ಯೇಕ ಸಂಕೇತಮಾರ್ಗಗಳನ್ನು ಇಟ್ಟಿದ್ದಾರೆ. ಹುಡುಗಿಯೊಬ್ಬಳು ಬರೆದ ತ್ರಿಕೋನಾಕಾರದ ಬಾವಲಿಯಂಥ ಜೀವಿಗೆ ನಾಲ್ಕು ಬೆನ್ನುಹುರಿಗಳಿವೆ. ಅದು ನಿದ್ರೆಮಾಡಲಾರದು, ನಿದ್ರೆ ಬಂದರೆ ಬಿದ್ದುಹೋಗುವುದು. ಆದುದರಿಂದ ಗುಹೆಯ ಸಂದಿನಲ್ಲಿ ಮೈಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ನಾಲ್ಕರಲ್ಲಿ ಒಂದೊಂದೇ ನರವನ್ನು ಸರದಿಯಂತೆ ಮಲಗಿಸುತ್ತದೆ.

ಓರೆರೆಕ್ಕೆಯ ಪಕ್ಷಿ.— ಅಮೆರಿಕದ ನಾಸಾ ಸಂಸ್ಥೆಯವರು ೧೯೭೯ರಿಂದ ೧೯೮೨ರವರೆಗೆ ಎ.ಡಿ.-೧ ಎಂಬ ಒಂದು ಚಿಕ್ಕ ವಿಮಾನವನ್ನು ಹಾರಿಸಿದರು. ಅದರ ಒಂದೇ ಉದ್ದನೆಯ ರೆಕ್ಕೆಯು ನಡುವಿನ ತಿರುಗುಣಿಯ ಮೇಲೆ ಅರವತ್ತು ಡಿಗ್ರಿಯವರೆಗೆ ತಿರುಗಬಲ್ಲುದಾಗಿತ್ತು. ಏರುವಾಗಲೂ ಇಳಿಯುವಾಗಲೂ ರೆಕ್ಕೆಯು ನೇರವಾಗಿರುವುದು; ಹಾರುವಾಗ ಒಂದು ತುದಿ ಮುಂದಕ್ಕೂ ಇನ್ನೊಂದು ತುದಿ ಹಿಂದಕ್ಕೂ ಓರೆಯಾಗುವುದು. ಬಹು ವೇಗದಲ್ಲಿ ಇದರಿಂದ ಗಾಳಿಯ ತಡೆ ಕಡಿಮೆಯಾಗುವುದೆಂದು ರಾಬರ್ಟ್ ಜೋನ್ಸ್ ಎಂಬ ವಿದ್ವಾಂಸರ ಮತ. ಎರಡು ಪಕ್ಕವೂ ಸಮವಾಗಿರಬೇಕೆಂಬುದು ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆಯೆಂದರೆ ಈ ಚಿತ್ರವನ್ನು ಕಂಡವರೆಲ್ಲರೂ ವಿಮಾನವು ಮುರಿದಿದೆಯೆಂದೇ ಭಾವಿಸಿದರು. ಆದರೆ ಕಡಲತೀರದ ಕೆಸರಿನಲ್ಲಿ ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದಾದ ಏಡಿಗಳನ್ನು ಸೃಷ್ಟಿಕರ್ತನು ಇಟ್ಟಿದ್ದಾನೆ. ಇದನ್ನು ಒಬ್ಬ ವಿದ್ಯಾರ್ಥಿನಿಯೇ ಎತ್ತಿ ಹೇಳಿದಳು.

ಬಿಸಿಲನ್ನುಣ್ಣುವ ಪಕ್ಷಿ.— ನಾಸಾದವರ ‘ಹೀಲಿಯಸ್’ ಬರಿಯ ರೆಕ್ಕೆಯೇ ಆಗಿತ್ತು. ಉದ್ದ ಸುಮಾರು ೭೫ ಮೀಟರು, ಅದರ ಮೇಲೆಲ್ಲ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಹಲಗೆಗಳು, ಮುಂದೆ ಹದಿನಾಲ್ಕು ಗಾಳಿಚಕ್ರಗಳು. ೨೦೦೧ರ ಆಗಸ್ಟಿನಲ್ಲಿ ಅದು ೯೬,೮೬೩ ಅಡಿ ಎತ್ತರಕ್ಕೆ ಏರಿತು. ೨೦೦೩ರ ಜೂನಿನಲ್ಲಿ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿ ಮುರಿದು ಸಮುದ್ರಕ್ಕೆ ಬಿತ್ತು. ಅದೇ ಜಾತಿಯ ಒಂದು ಚಿಕ್ಕ ಮಾದರಿಯನ್ನು ನಮ್ಮ ರಾಷ್ಟ್ರೀಯ ಪ್ರಯೋಗಾಲಯದವರು ೨೦೨೪ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ಎಂಟೂವರೆ ಗಂಟೆಯ ಕಾಲ ಹಾರಿಸಿದರು. “ಬಿಸಿಲನ್ನುಣ್ಣುವ ಪಕ್ಷಿಯು ರಾತ್ರಿ ಏನು ಉಣ್ಣುವುದು?” ಎಂದು ಕೇಳಿದಾಗ ತರಗತಿಯು ಸ್ವಲ್ಪ ಹೊತ್ತು ಮೌನವಾಗಿತ್ತು. ಬಳಿಕ ಬಂದ ಉತ್ತರವು ಹೀಗೆ: “ಹಗಲೆಲ್ಲ ಮೇಲಕ್ಕೆ ಏರುವುದು, ಉಂಡದ್ದರಲ್ಲಿ ಸ್ವಲ್ಪವನ್ನು ರೆಕ್ಕೆಯಲ್ಲಿ ಕೊಬ್ಬಾಗಿ ಕೂಡಿಡುವುದು, ರಾತ್ರಿಯೆಲ್ಲ ಮೆಲ್ಲಮೆಲ್ಲನೆ ಕೆಳಕ್ಕೆ ತೇಲುತ್ತ ಬರುವುದು.” ಕೊಬ್ಬು ಎಂಬಲ್ಲಿ ಬ್ಯಾಟರಿ ಎಂದು ಓದಿಕೊಂಡರೆ ವಿಮಾನರಚಕರ ಆಲೋಚನೆಯೂ ಇದೇ.

ಪ್ರಕೃತಿಯನ್ನು ನೋಡಿ ಯಂತ್ರವನ್ನು ಕಟ್ಟಿದವರೂ ಉಂಟು. ಜರ್ಮನಿಯ ಓಟೋ ಲಿಲಿಯೆಂಥಾಲರು ಕೊಕ್ಕರೆಗಳ ಹಾರಾಟವನ್ನು ವರ್ಷಾನುಗಟ್ಟಲೆ ಅಳೆದು ೧೮೮೯ರಲ್ಲಿ ಗ್ರಂಥ ಬರೆದರು. ತಾವೇ ಕಟ್ಟಿದ ರೆಕ್ಕೆಗಳಿಂದ ತೇಲುವ ಪ್ರಯತ್ನದಲ್ಲಿ ೧೮೯೬ರಲ್ಲಿ ಬಿದ್ದು ಪ್ರಾಣಬಿಟ್ಟರು. ಆಸ್ಟ್ರಿಯಾದ ಇಗೋ ಎಟ್ರಿಚ್ಚರ ವಿಮಾನಕ್ಕೆ ಪಾರಿವಾಳವೆಂದು ಹೆಸರಾದರೂ ಅದರ ರೆಕ್ಕೆಗೆ ಮಾದರಿಯಾದದ್ದು ಜಾವಾ ಕಡೆಯ ಒಂದು ಬಳ್ಳಿಯ ತೇಲುವ ಬೀಜ. ಹೆಸರು ಒಂದು, ಮಾದರಿ ಇನ್ನೊಂದು. ಹೆಸರನ್ನು ನಂಬದೆ ಅಂಗವನ್ನು ನೋಡಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆನೇಕಲ್ಲಿನ ಶಕುನವಿಮಾನ

ಈಗ ಮೂರನೆಯ ಸಂದೇಹಕ್ಕೆ ಬರುವೆವು. ಆನೇಕಲ್ಲಿನಲ್ಲಿ ಪಂಡಿತ ಸುಬ್ಬರಾಯ ಶಾಸ್ತ್ರಿಗಳೆಂಬ ವಿದ್ವಾಂಸರಿದ್ದರು. ಅವರು ೧೯೧೮ರಿಂದ ೧೯೨೩ರವರೆಗೆ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಬಾಯಿಂದ ಹೇಳಿ ವೆಂಕಟಾಚಲ ಶರ್ಮರಿಂದ ಬರೆಸಿದರು. ಇದು ಭರದ್ವಾಜ ಮಹರ್ಷಿಗಳದೆಂದೂ ತಮಗೆ ಅಂತಃಸ್ಫುರಣೆಯಿಂದ ದೊರೆಯಿತೆಂದೂ ಅವರು ಹೇಳಿದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರರಾಗಿದ್ದ ಟಿ. ಕೆ. ಎಲ್ಲಪ್ಪನವರು ಶಾಸ್ತ್ರಿಗಳ ಸೂಚನೆಯಂತೆ ೧೯೨೩ರಲ್ಲಿ ನಕ್ಷೆಗಳನ್ನು ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು ಅದರಲ್ಲಿವೆ. ಶಕುನವೆಂದರೆ ಪಕ್ಷಿ; ಆ ವಿಮಾನಕ್ಕೆ ಪಕ್ಷಿಯಂತೆ ರೆಕ್ಕೆಗಳೂ ಬಾಲವೂ ಇವೆ. ಶಾಸ್ತ್ರಿಗಳು ೧೯೪೦ರಲ್ಲಿ ತೀರಿಕೊಂಡರು. ಮೈಸೂರಿನ ಜಿ. ಆರ್. ಜೋಯ್ಸರು ೧೯೭೩ರಲ್ಲಿ ನಕ್ಷೆಗಳೊಡನೆ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಅದರ ಕೀರ್ತಿಯು ದೇಶದೇಶಗಳಿಗೆ ಹರಡಿತು.

೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು, ಅಂದರೆ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಇವರು, ಆ ಗ್ರಂಥವನ್ನು ಶ್ರದ್ಧೆಯಿಂದ ಪರಿಶೀಲಿಸಿದರು. ಭಾಷೆಯು ವೈದಿಕ ಕಾಲದ್ದಲ್ಲವೆಂದೂ, ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ, ವರ್ಣಿಸಿದ ವಿಮಾನಗಳಲ್ಲಿ ಒಂದಕ್ಕೂ ಹಾರುವ ಗುಣವಿಲ್ಲವೆಂದೂ ನಿರ್ಣಯಿಸಿದರು. ಇವರು ನಮ್ಮ ಪ್ರಾಚೀನ ವಿದ್ಯೆಯನ್ನು ಹಗೆಮಾಡಿದವರಲ್ಲ. ಐವರಲ್ಲಿ ಒಬ್ಬರಾದ ನಾಗೇಂದ್ರರು ಮುಂದೆ ಯೋಗಶಾಸ್ತ್ರದ ಸೇವೆಗೇ ಜೀವನವನ್ನು ಮೀಸಲಿಟ್ಟು ಇದೇ ಆನೇಕಲ್ ತಾಲ್ಲೂಕಿನ ಜಿಗಣಿಯ ಬಳಿ ಯೋಗವಿಶ್ವವಿದ್ಯಾಲಯವನ್ನು ಬೆಳೆಸಿದರು. ಪ್ರೀತಿಯಿದ್ದವರೇ ಸತ್ಯವನ್ನು ಹೇಳಿದರು.

ಶಾಸ್ತ್ರಿಗಳ ವಿಷಯದಲ್ಲಿ ನಮಗೆ ಅಗೌರವವಿಲ್ಲ, ಮಕ್ಕಳಲ್ಲಿಯೂ ಅಗೌರವವು ಬರಕೂಡದು. ಶಕುನವಿಮಾನದ ನಕ್ಷೆಯನ್ನು ತರಗತಿಯಲ್ಲಿ ತೋರಿಸಿಯೇ ಇದ್ದೇವೆ. ನಮ್ಮದೇ ತಾಲ್ಲೂಕಿನವರೊಬ್ಬರು, ಈ ದೇಶದಲ್ಲಿ ವಿಮಾನವು ಇನ್ನೂ ಅಪೂರ್ವವಾಗಿದ್ದ ಕಾಲದಲ್ಲಿ, ಪಕ್ಷಿಯೂ ಯಂತ್ರವೂ ಕೂಡಿದ ಇಂಥ ರೂಪಗಳನ್ನು ಮನಸ್ಸಿನಲ್ಲಿ ಕಂಡರೆಂಬುದು ನಿಜವಾಗಿಯೂ ಆಶ್ಚರ್ಯಕರವಾದ ಸಂಗತಿ. ಗಂಡಭೇರುಂಡದ ಪಕ್ಕದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆದರೆ ನೆಗೆಯುವ ಲೆಕ್ಕವನ್ನು ಅದಕ್ಕೂ ಹಾಕಬೇಕು, ಹಾಕಿದಾಗ ಅದು ನೆಲವನ್ನು ಬಿಟ್ಟು ಏಳುವುದಿಲ್ಲ. ಚಿತ್ರವೆಂದು ನೋಡಿದರೆ ಚೆನ್ನು. ನಡೆದ ಸಂಗತಿಯೆಂದು ಸಾಧಿಸಹೊರಟರೆ, ಇಲ್ಲದ ಹೊರೆಯನ್ನು ನಾವೇ ಅದರ ಮೇಲೆ ಹೇರಿ ಮುರಿದಂತಾಗುವುದು.

ಇನ್ನೊಬ್ಬರ ಮನೆಯ ಹುಳುಕನ್ನು ಎತ್ತಿ ತೋರಿಸುತ್ತೇವೆಂದು ಯಾರೂ ತಿಳಿಯಬಾರದು. ಇದೇ ಬಗೆಯ ಕೆಲಸವನ್ನು ನಮ್ಮ ಸತ್ಯವೇದಕ್ಕೂ ಮಾಡಿದವರಿದ್ದಾರೆ. ಯೆಹೆಜ್ಕೇಲನ ಪ್ರವಾದನೆಯ ಮೊದಲನೆಯ ಅಧ್ಯಾಯದಲ್ಲಿ ಪ್ರವಾದಿಯು ಕೆಬಾರ್ ನದಿಯ ಬಳಿ ಕಂಡ ದರ್ಶನವು ವಾಚಕರಿಗೆ ತಿಳಿದಿದೆ: ನಾಲ್ಕು ಜೀವಿಗಳು, ಒಂದೊಂದಕ್ಕೂ ಮನುಷ್ಯ, ಸಿಂಹ, ಎತ್ತು, ಗರುಡ ಎಂಬ ನಾಲ್ಕು ಮುಖಗಳು, ರೆಕ್ಕೆಗಳು, ಚಕ್ರದೊಳಗೆ ಚಕ್ರ. ನಾಸಾದಲ್ಲಿ ಎಂಜಿನಿಯರರಾಗಿದ್ದ ಜೋಸೆಫ್ ಬ್ಲೂಮ್ರಿಕ್ ಎಂಬವರು ೧೯೭೦ರ ದಶಕದಲ್ಲಿ ಇದು ಅನ್ಯಲೋಕದಿಂದ ಬಂದಿಳಿದ ವಾಹನವೇ ಸರಿ ಎಂದು ಲೆಕ್ಕಹಾಕಿ ಪುಸ್ತಕವನ್ನೇ ಬರೆದರು. ಸೆರೆಯಲ್ಲಿದ್ದ ಜನರಿಗೆ ದೇವರು ತಮ್ಮನ್ನು ಬಿಟ್ಟಿಲ್ಲವೆಂಬ ಧೈರ್ಯವನ್ನು ಕೊಟ್ಟ ದರ್ಶನವನ್ನು ಹೀಗೆ ತಿರುಪುಮೊಳೆಗಳಾಗಿ ಬಿಚ್ಚಿಟ್ಟರೆ ವಿಜ್ಞಾನಕ್ಕೂ ಲಾಭವಿಲ್ಲ, ಭಕ್ತಿಗೂ ಲಾಭವಿಲ್ಲ. ಆದುದರಿಂದ ಒಂದೇ ಅಳತೆಗೋಲನ್ನು ಎರಡು ಕಡೆಗೂ ಹಿಡಿಯುವುದೇ ನ್ಯಾಯ. ನಮ್ಮ ಶಾಲೆಯಲ್ಲಿ ಎಲ್ಲ ಮತಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದುವರು. ಒಬ್ಬಳ ಮನೆಯ ಕಥೆಯನ್ನು ಅಳೆದು ಇನ್ನೊಬ್ಬಳ ಮನೆಯದನ್ನು ಅಳೆಯದೆ ಬಿಟ್ಟರೆ ಮಕ್ಕಳಿಗೆ ಅದು ಕೂಡಲೇ ತಿಳಿಯುವುದು.

ಸತ್ಯದ ಬೆಲೆ

ಇಷ್ಟು ಕಟ್ಟುನಿಟ್ಟು ಏತಕ್ಕೆಂದು ಕೆಲವರು ಕೇಳಬಹುದು. ಕಾಗದದ ಮೇಲಿನ ಪಕ್ಷಿಯು ಬಿದ್ದರೆ ಯಾರಿಗೂ ನೋವಿಲ್ಲ. ಆಕಾಶದಲ್ಲಿ ಕೇಳಿದ ಪ್ರಶ್ನೆಗೆ ಬರುವ ಉತ್ತರವು ಕೆಲವು ವೇಳೆ ಬಹಳ ಕ್ರೂರವಾಗಿರುವುದು. ಮಾರುತವನ್ನು ಮೊದಲು ಹಾರಿಸಿದ ಸುರಂಜನ ದಾಸರು ೧೯೭೦ರ ಜನವರಿ ೧೦ರಂದು ಬೆಂಗಳೂರಿನಲ್ಲಿಯೇ ಅದೇ ಜಾತಿಯ ಪರೀಕ್ಷಾವಿಮಾನವು ಬಿದ್ದು ಮಡಿದರು. ಅವರ ಹೆಸರಿನ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಜನರು ಅವರಾರೆಂದು ತಿಳಿಯದೆಯೇ ಓಡಾಡುತ್ತಿದ್ದಾರೆ. ಸರಸ್ ವಿಮಾನದ ಎರಡನೆಯ ಮಾದರಿಯು ೨೦೦೯ರ ಮಾರ್ಚ್ ೬ರಂದು ಬಿಡದಿಯ ಬಳಿ ಬಿದ್ದು ವಾಯುಸೇನೆಯ ಮೂವರು ಪರೀಕ್ಷಕರು ಪ್ರಾಣಬಿಟ್ಟರು. ಆ ಬಳಿಕ ಬಹಳ ವರ್ಷ ಕೆಲಸವು ನಿಂತಿದ್ದು, ತಿದ್ದಿದ ಸರಸ್ ೨೦೧೮ರ ಜನವರಿ ೨೪ರಂದು ಮತ್ತೆ ಹಾರಿತು.

ಈ ಸಂಗತಿಗಳನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ನಕ್ಷೆಯಲ್ಲಿ ಎಳೆದ ಒಂದು ಗೆರೆಯನ್ನು ನಂಬಿ ಒಬ್ಬ ಮನುಷ್ಯನು ಒಳಗೆ ಕುಳಿತುಕೊಳ್ಳುವನೆಂಬುದು ಅವರಿಗೆ ತಿಳಿಯಬೇಕು. “ನಮ್ಮವರು ಹೇಳಿದ್ದು” ಎಂಬ ಅಭಿಮಾನದಿಂದಲೋ, “ದೊಡ್ಡವರು ಹೇಳಿದ್ದು” ಎಂಬ ಭಯದಿಂದಲೋ ಲೆಕ್ಕವನ್ನು ಹಾಕದೆ ಬಿಟ್ಟರೆ ಅದರ ಬೆಲೆಯನ್ನು ತೆರುವವನು ಬೇರೊಬ್ಬನು. ಕಲ್ಪನೆಗೆ ಪೂರ್ತಿ ಸ್ವಾತಂತ್ರ್ಯ, ಲೆಕ್ಕಕ್ಕೆ ಪೂರ್ತಿ ವಿಧೇಯತೆ ಎಂಬ ಎರಡು ಗುಣಗಳನ್ನು ಕೂಡಿಸಿ ಕಲಿಸುವುದೇ ಈ ಅಭ್ಯಾಸದ ಸಾರ. ಈ ಎರಡರಲ್ಲಿ ಒಂದು ಮಾತ್ರ ಇದ್ದರೆ ಒಬ್ಬಳು ಹಗಲುಗನಸು ಕಾಣುವವಳಾಗುವಳು, ಇಲ್ಲವೇ ಬೇರೊಬ್ಬರ ನಕ್ಷೆಯನ್ನು ನಕಲುಮಾಡುವವಳಾಗುವಳು.

ತಂದೆತಾಯಂದಿರಿಗೆ ವಿಜ್ಞಾಪನೆ

ಹಿಂದೆ ಇಲ್ಲಿ ರಾಗಿಯ ಹೊಲಗಳಿದ್ದ ನೆಲದಲ್ಲಿ ಈಗ ಕಾರ್ಖಾನೆಗಳೂ ಗಣಕಯಂತ್ರದ ಕಛೇರಿಗಳೂ ಎದ್ದಿವೆ. ೨೦೨೫ರಿಂದ ಮೆಟ್ರೋ ರೈಲೂ ಹೆಬ್ಬಗೋಡಿಗೆ ಬರುತ್ತಿದೆ. ನಮ್ಮ ಹುಡುಗಿಯರಲ್ಲಿ ಬಹು ಮಂದಿಯ ತಂದೆತಾಯಂದಿರು ಈ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ತಾವು ಬೇರೆಯವರು ರಚಿಸಿದ ವಸ್ತುವನ್ನು ಜೋಡಿಸುವವರಾದರೂ ಮಗಳು ರಚಿಸುವವಳಾಗಲೆಂದು ಅವರು ಬಯಸುವುದು ಸಹಜ, ನಾವು ಬಯಸುವುದೂ ಅದನ್ನೇ. ೨೦೧೬ರಲ್ಲಿ ನಮ್ಮ ವಾಯುಸೇನೆಯ ಮೊದಲ ಮೂವರು ಯುದ್ಧವಿಮಾನ ಚಾಲಕಿಯರಾಗಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಸೇರಿದರು. ಇವರಲ್ಲಿ ಭಾವನಾ ಕಾಂತರು ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನಲ್ಲಿ. ಹುಡುಗಿಯರಿಗೆ ಆಕಾಶವು ದೂರವೆಂದು ಇನ್ನು ಯಾರೂ ಹೇಳುವಂತಿಲ್ಲ.

ಆದುದರಿಂದ ನಿಮ್ಮಲ್ಲಿ ನಮ್ಮ ಬೇಡಿಕೆ ಇಷ್ಟೇ. ಮಗಳು ಮನೆಯಲ್ಲಿ ಬಿಳಿಯ ಹಾಳೆಯ ಮೇಲೆ ವಿಚಿತ್ರವಾದ ಪಕ್ಷಿಯನ್ನು ಬರೆಯುತ್ತ ಕುಳಿತಿದ್ದರೆ, ಪುಸ್ತಕವನ್ನು ಬಿಟ್ಟು ಕಾಲಹರಣ ಮಾಡುತ್ತಾಳೆಂದು ಗದರಿಸಬೇಡಿರಿ. ಪಕ್ಕದಲ್ಲಿ ಕುಳಿತು, “ಇದು ಏನು ತಿನ್ನುತ್ತದಮ್ಮ? ಈ ರೆಕ್ಕೆ ಇದರ ಭಾರವನ್ನು ಹೊತ್ತೀತೆ?” ಎಂದು ಕೇಳಿರಿ. ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಿರಿ. ಸಾಧ್ಯವಾದರೆ ಒಂದು ರಜೆಯ ದಿನ ಹಳೆಯ ವಿಮಾನನಿಲ್ದಾಣದ ಕಡೆಗಿರುವ ಎಚ್.ಎ.ಎಲ್. ಸಂಗ್ರಹಾಲಯಕ್ಕೆ ಕರೆದುಕೊಂಡುಹೋಗಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಎಂಜಿನಿಯರಿಂಗ್ ಓದಿದವರೂ ಕಾರ್ಖಾನೆಗಳಲ್ಲಿ ಕೆಲಸಮಾಡುವವರೂ ವರ್ಷಕ್ಕೆ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದು ಒಂಬತ್ತನೆಯ ತರಗತಿಯವರ ಚಿತ್ರಗಳನ್ನು ನೋಡಿ ತಪ್ಪುಗಳನ್ನು ತೋರಿಸಿಕೊಟ್ಟರೆ ನಾವು ಕೃತಜ್ಞರಾಗಿರುವೆವು.

ಯೋಬನ ಗ್ರಂಥದಲ್ಲಿ ದೇವರು ಯೋಬನನ್ನು ಗಿಡುಗದ ಹಾರಾಟದ ವಿಷಯವಾಗಿಯೂ ಉಷ್ಟ್ರಪಕ್ಷಿಯ ರೆಕ್ಕೆಯ ವಿಷಯವಾಗಿಯೂ ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗಳು ಯೋಬನನ್ನು ನಾಚಿಸುವುದಕ್ಕೆ ಮಾತ್ರ ಕೇಳಿದವುಗಳೆಂದು ನಾವು ಎಣಿಸಲಾರೆವು. ಕಣ್ತೆರೆದು ನೋಡೆಂದು ಕರೆದ ಕರೆಯೂ ಅವುಗಳಲ್ಲಿದೆ. ನೋಡುವ ಕಣ್ಣನ್ನೂ, ಕಲ್ಪಿಸುವ ಮನಸ್ಸನ್ನೂ, ಕಂಡದ್ದನ್ನು ಕಂಡಂತೆ ಹೇಳುವ ನಾಲಿಗೆಯನ್ನೂ ನಮ್ಮ ಹೆಣ್ಣುಮಕ್ಕಳಿಗೆ ಆತನು ಸಮೃದ್ಧಿಯಾಗಿ ಅನುಗ್ರಹಿಸಲಿ.